ದೋಟಿ ಬಿಡಾಡಿಯಾದ ಯುಗಾದಿ

ಬೆಳಗಿನ ನಮಾಜು ಮುಗಿಸಿ ಬಂದು, ರಂಜಾನ್ ತಿಂಗಳ ಅಭ್ಯಾಸದಂತೆ ಇನ್ನೊಂದು ಗಂಟೆ ಮಲಗಿ ಎದ್ದ ಬಷೀರ್ ಸಾಹೇಬರು ಕನ್ನಡಕ ಹುಡುಕಿ ಹಾಕಿಕೊಂಡು ಫೋನು ನೋಡಿದರೆ ಅದರಲ್ಲಿ ನಲವತ್ತೇಳು ಮೆಸೇಜುಗಳು ಬಂದು ಕೂತಿದ್ದವು. ಯುಗಾದಿಯ ದಿನ, ಶುಭಾಶಯಗಳಿರಬೇಕು ಅಂದುಕೊಂಡರು. ಮೂವತ್ತಾರು ವರ್ಷ ನರಸಿಂಹರಾಜಪುರದ ನೋಂದಣಿ ಕಚೇರಿಯ ಎದುರು ಕೂತು ಪತ್ರ ಬರೆದವರಿಗೆ ಮೂರು ತಾಲ್ಲೂಕಿನಲ್ಲಿ ಪರಿಚಯದವರಿಗೇನು ಕಡಿಮೆ? ಹಬ್ಬಕ್ಕೆ ಎಲ್ಲರೂ ನೆನೆಸಿಕೊಳ್ಳುತ್ತಾರೆ.

ಆದರೆ ಕಣ್ಣಿಗೆ ಬಿದ್ದ ಮೊದಲ ಸಾಲು ಶುಭಾಶಯದ್ದಾಗಿರಲಿಲ್ಲ.

"ಬಷೀರಣ್ಣ, ನೀವು ಹೀಗೆ ಮಾಡ್ತೀರಿ ಅಂತ ಕನಸಲ್ಲೂ ಎಣಿಸಿರ್ಲಿಲ್ಲ."

ಕೊಪ್ಪದಲ್ಲಿ ಔಷಧಿ ಅಂಗಡಿ ಇಟ್ಟಿರುವ ಹರೀಶ ಅವರ ಆಟದ ಗುಂಪಿಗೆ ಕಳಿಸಿದ್ದು. ಅದರ ಕೆಳಗೆ ಶೆಟ್ಟಿಕೊಪ್ಪದ ಸುಬ್ಬಯ್ಯ: "ಎರಡು ವರ್ಷದ ಹಿಂದೆಯೇ ಗುಂಡಿ ತೋಡಿ ಇಟ್ಟಿದ್ದೆಯಲ್ಲ ಮಾರಾಯ. ನಿನ್ನ ತಲೆಯೇ ತಲೆ." ಅದರ ಕೆಳಗೆ ಅಡ್ಡಗದ್ದೆಯ ಯೋಗೇಂದ್ರ, ಅಕ್ಷರವೊಂದೂ ಇಲ್ಲದೆ, ಬಾಯಿ ತೆರೆದ ಹಳದಿ ಮುಖಗಳನ್ನು ಸಾಲಾಗಿ ಕಳಿಸಿದ್ದ.

ಏನು ಮಾಡಿದೆ ನಾನು? ಮಲಗಿದ್ದೆನಲ್ಲ! ಬೆರಳಿನಿಂದ ಮೇಲೆ ಮೇಲೆ ಸರಿಸುತ್ತ ಹೋಗಿ ಎಲ್ಲಕ್ಕೂ ಮೊದಲಿನ ಮೆಸೇಜಿಗೆ ಮುಟ್ಟಿದರು. ಬೆಳಿಗ್ಗೆ ಆರು ಮೂವತ್ತನಾಲ್ಕಕ್ಕೆ ಬಂದದ್ದು. ಕಳಿಸಿದವಳು ಬೇರೆ ಯಾರೂ ಅಲ್ಲ, ಪಕ್ಕದ ಕೋಣೆಯಲ್ಲಿರುವ ಮಗಳು ತಸ್ಮಿಯಾ.

"ಎಲ್ಲರಿಗೂ ಯುಗಾದಿ ಶುಭಾಶಯಗಳು. ನಿಯಮ ಹನ್ನೊಂದರ ಪ್ರಕಾರ ಈಗ ಸೂರ್ಯ ಹುಟ್ಟಿದ ಗಳಿಗೆಗೆ ದೋಟಿಯ ಗುತ್ತಿಗೆ ತೀರಿತು. ಅವನು ಬಿಡಾಡಿ. ನಮ್ಮ ತಂಡ ಅವನ ಹೆಸರು ಹೇಳುತ್ತಿದೆ."

ಬಷೀರರು ಆ ಸಾಲುಗಳನ್ನು ಮತ್ತೊಮ್ಮೆ ಓದಿದರು.

ದೋಟಿ ಅಂದರೆ ಅಡಿಕೆ ಕೊನೆ ಕೊಯ್ಯುವ ಉದ್ದನೆಯ ಗಳು. ಇಲ್ಲಿ ಅದು ಏಳಡಿ ಎರಡಂಗುಲ ಎತ್ತರದ ಒಬ್ಬ ಮನುಷ್ಯನ ಹೆಸರು. ಅಮೆರಿಕದ ಯಾವುದೋ ಊರಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುವ, ನಾಲಿಗೆ ಹೊರಳದ ಹೆಸರಿನ ಆ ಆಟಗಾರನಿಗೆ ಈ ಹೆಸರಿಟ್ಟವನು ಶೃಂಗೇರಿ ಹತ್ತಿರದ ಮೆಣಸೆಯ ಗೋವಿಂದ. ಬುಟ್ಟಿಯ ಹತ್ತಿರ ನಿಂತು ಕೈ ಎತ್ತಿದರೆ ಸಾಕು, ಮರದ ತುದಿಯಿಂದ ಕೊನೆ ಇಳಿಸಿದ ಹಾಗೆ ಚೆಂಡನ್ನು ಇಳಿಸಿಕೊಳ್ಳುತ್ತಾನೆ ಎಂದು ಗೋವಿಂದನಿಗೆ ಅವನ ಮೇಲೆ ಪ್ರಾಣ. ದೋಟಿ ಗೋವಿಂದನ ಆಟಗಾರ. ಕಾಗದದ ಮೇಲೆ ಮಾತ್ರ, ಆದರೂ ಅವನವನೇ.

ಮೊಣಕಾಲಿನ ಆಪರೇಶನ್ನಾಗಿ ಬಷೀರರು ಮೂರು ತಿಂಗಳು ಮನೆಯಲ್ಲಿ ಮಲಗಿದ್ದಾಗ ಶುರುವಾದ ಹುಚ್ಚು ಇದು. ಕೊಪ್ಪದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿರುವ ತಸ್ಮಿಯಾ, ಅಪ್ಪನ ಬೇಸರ ಕಳೆಯಲೆಂದು ಮೊಬೈಲಿನಲ್ಲಿ ಅಮೆರಿಕದ ಆಟ ಹಾಕಿ ಕೊಟ್ಟಳು. ಅಲ್ಲಿ ರಾತ್ರಿ ನಡೆಯುವ ಆಟ ಇಲ್ಲಿ ಬೆಳಗಿನ ಚಹಾದ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಬಷೀರರು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಪಿ.ಟಿ. ಮೇಷ್ಟ್ರು ಕಮ್ಮಾರನಿಂದ ಗಾಡಿಯ ಪಟ್ಟಿ ಬಗ್ಗಿಸಿ ಬಳೆ ಮಾಡಿಸಿ, ಅದನ್ನು ಹೊನ್ನೆ ಮರದ ಕಂಬಕ್ಕೆ ಹೊಡೆಸಿ, ಐದು ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸಿದ್ದರು. ಆ ಐವರಲ್ಲಿ ಬಷೀರ, ಗೋವಿಂದ, ಸುಬ್ಬಯ್ಯ ಮೂವರು ಇನ್ನೂ ಇದ್ದರು. ಮೂವರೂ ಅರವತ್ತರ ಆಸುಪಾಸು. ಮೂವರಿಗೂ ಹಳೆಯ ಜ್ವರ ಮತ್ತೆ ಏರಿತು.

ನೋಡುವುದಷ್ಟೇ ಸಾಲದೆ ಒಂದು ಲೀಗು ಕಟ್ಟೋಣ ಎಂದವಳು ತಸ್ಮಿಯಾ. ಅಲ್ಲಿ ನಿಜವಾಗಿ ಆಡುವ ಆಟಗಾರರನ್ನು ಇಲ್ಲಿ ಹಂಚಿಕೊಳ್ಳುವುದು. ನಿಮ್ಮ ಪಾಲಿನ ಆಟಗಾರ ಅಲ್ಲಿ ಬುಟ್ಟಿಗೆ ಹಾಕಿದ್ದು, ಹಿಡಿದದ್ದು, ಬೇರೆಯವನಿಗೆ ಕೊಟ್ಟದ್ದು ಎಲ್ಲ ನಿಮ್ಮ ತಂಡಕ್ಕೆ ಅಂಕ. ದುಡ್ಡಿನ ಮಾತೇ ಇರಕೂಡದೆಂದು ಬಷೀರರು ಮೊದಲೇ ಹೇಳಿದ್ದರಿಂದ ಆಟಗಾರರ ಹರಾಜಿಗೆ ಒಂದೊಂದು ತಂಡಕ್ಕೆ ನೂರು ಅಡಿಕೆ ಎಣಿಸಿ ಕೊಟ್ಟರು. ಹರೀಶ, ಯೋಗೇಂದ್ರ, ಕೊಪ್ಪದ ಬ್ಯಾಂಕಿನ ಅರ್ಪಣಾ ಸೇರಿ ಆರು ತಂಡಗಳಾದವು. ಅಪ್ಪ ಮಗಳದು ಒಂದೇ ತಂಡ.

ನಿಯಮ ಬರೆಯುವ ಕೆಲಸ ಯಾರದು ಎಂದು ಯಾರೂ ಕೇಳಲಿಲ್ಲ. ಬಷೀರ್ ಸಾಹೇಬರು ಇರುವಾಗ ಅದನ್ನು ಕೇಳುವುದೆಂತು?

ಅವರ ಕೈಬರಹಕ್ಕೆ ಆ ಕಡೆ ಅಂಥ ಹೆಸರು. ಪಾಲುಪಟ್ಟಿ, ಕ್ರಯಪತ್ರ, ಅಡಿಕೆ ಫಸಲಿನ ಗುತ್ತಿಗೆ, ಅಂಗಡಿ ಬಾಡಿಗೆಯ ಕರಾರು, ಯಾವುದೇ ಇರಲಿ, ಬರೆದ ಮೇಲೆ ಮೂರು ಸಲ ಗಟ್ಟಿಯಾಗಿ ಓದುತ್ತಿದ್ದರು. ಮೊದಲನೆಯದು ಬರೆಸಿದವರಿಗೆ, ಎರಡನೆಯದು ಸಾಕ್ಷಿಗಳಿಗೆ. ಮೂರನೆಯ ಸಲ ಕೊನೆಯ ಚೆಕ್ಕುಬಂದಿಯಿಂದ, ಅಂದರೆ ಜಾಗದ ನಾಲ್ಕು ಗಡಿಗಳ ವಿವರದಿಂದ, ಹಿಂದಕ್ಕೆ ಓದುತ್ತ ಬರುತ್ತಿದ್ದರು, ಅದು ತಮಗಾಗಿ. ತಾರೀಖನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯದೆ ಒಂದು ಪತ್ರವನ್ನೂ ಕೈಬಿಟ್ಟವರಲ್ಲ. ಮೂವತ್ತಾರು ವರ್ಷದಲ್ಲಿ ಅವರು ಬರೆದ ಒಂದು ಸಾಲು ಕೋರ್ಟಿನಲ್ಲಿ ಮುಗ್ಗರಿಸಿರಲಿಲ್ಲ. ಬೇರೆಯವರು ಬರೆದ ಪತ್ರಗಳಿಗೆ ತಿದ್ದುಪಡಿ ಬರೆಯಲು ಜನ ಅವರ ಹತ್ತಿರ ಬರುತ್ತಿದ್ದರು. ಆಗೆಲ್ಲ ಬಷೀರರು, "ಬರಹಗಾರರ ಕಣ್ತಪ್ಪಿನಿಂದ" ಎಂಬ ಎರಡು ಪದಗಳನ್ನು, ಸತ್ತವರ ಬಗ್ಗೆ ಮಾತಾಡುವವರಂತೆ ಮೆಲ್ಲಗೆ, ಮರ್ಯಾದೆಯಿಂದ ಬರೆಯುತ್ತಿದ್ದರು.

ಎರಡು ಸಾವಿರದ ಇಪ್ಪತ್ತನಾಲ್ಕರ ಅಕ್ಟೋಬರಿನ ಒಂದು ಭಾನುವಾರ ಆರೂ ಜನ ಅವರ ಮನೆಯಲ್ಲಿ ಕೂತಿದ್ದರು. ಆಟಗಾರನೊಬ್ಬ ಎಷ್ಟು ಕಾಲ ಒಂದು ತಂಡದಲ್ಲಿರಬೇಕು ಎಂಬ ಪ್ರಶ್ನೆ ಬಂತು. ಎರಡು ವರ್ಷಕ್ಕೆ ಕಡಿಮೆ ಬೇಡ, ಮೂರಕ್ಕೆ ಹೆಚ್ಚು ಬೇಡ ಎಂದಾಯಿತು. ಮೂರು ವರ್ಷಕ್ಕೆ ಹಿಡಿದರೆ ಹತ್ತು ಅಡಿಕೆ ಹೆಚ್ಚು. ಗುತ್ತಿಗೆ ತೀರಿದವನನ್ನು ಏನೆಂದು ಕರೆಯುವುದು? ಹಗ್ಗ ಬಿಚ್ಚಿದ ದನಕ್ಕೆ ಏನಂತೀವೋ ಅದೇ, ಬಿಡಾಡಿ, ಅಂದ ಸುಬ್ಬಯ್ಯ. ಎಲ್ಲರೂ ನಕ್ಕರು. ಬಿಡಾಡಿಯ ಹೆಸರನ್ನು ಗುಂಪಿನಲ್ಲಿ ಯಾವ ತಂಡ ಮೊದಲು ಹೇಳುತ್ತದೋ ಅವನು ಆ ತಂಡಕ್ಕೆ ಎಂದಾಯಿತು.

"ಗುತ್ತಿಗೆ ತೀರೋದು ಯಾವತ್ತು ಅಂತ ಬರಿಯಣ?" ಎಂದು ಹರೀಶ ಕೇಳಿದ.

ಬಷೀರರ ಪೆನ್ನು ಒಂದು ಗಳಿಗೆಯೂ ನಿಲ್ಲಲಿಲ್ಲ. "ಯುಗಾದಿಯಿಂದ ಯುಗಾದಿಗೆ" ಎಂದು ಬರೆದೇಬಿಟ್ಟರು; ಎರಡು ವರ್ಷವೆಂದರೆ ಎರಡು ಯುಗಾದಿ, ಮೂರೆಂದರೆ ಮೂರು. ತೋಟದ ಸಂಬಳದಾಳಿನ ಕರಾರು ಯುಗಾದಿಗೆ, ಗದ್ದೆಯ ಗೇಣಿ ಯುಗಾದಿಗೆ, ಮಳಿಗೆ ಬಿಟ್ಟುಕೊಡುವುದು ಯುಗಾದಿಗೆ. ಅವರ ಕೈ ಸಾವಿರ ಸಲ ಬರೆದು ಪಳಗಿದ ಮಾತು ಅದು. ಆ ವರ್ಷದ ಯುಗಾದಿ ಏಪ್ರಿಲ್ ಒಂಬತ್ತಕ್ಕೆ ಬಂದು ಹೋಗಿತ್ತು, ಆಟದ ಭರಾಟೆಯೂ ಆ ಹೊತ್ತಿಗೇ ಮುಗಿದಿತ್ತು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಮರುವರ್ಷದ ಯುಗಾದಿಗೆ ಯಾರ ಗುತ್ತಿಗೆಯೂ ತೀರುವುದಿರಲಿಲ್ಲವಾದ್ದರಿಂದ ಆ ಸಾಲನ್ನು ಯಾರೂ ತಿರುಗಿ ನೋಡಲಿಲ್ಲ.

ಈ ವರ್ಷ ಯುಗಾದಿ ಮಾರ್ಚ್ ಹತ್ತೊಂಬತ್ತಕ್ಕೇ ಬಂದಿತ್ತು. ಅವರ ಲೀಗಿನ ಫೈನಲ್ ಪಂದ್ಯ ಸೋಮವಾರವಷ್ಟೇ ಶುರುವಾಗಿತ್ತು, ಏಪ್ರಿಲ್ ಐದರ ತನಕ ನಡೆಯುವುದಿತ್ತು. ಫೈನಲ್ಲಿನಲ್ಲಿದ್ದ ಎರಡು ತಂಡಗಳು, ಒಂದು ಗೋವಿಂದನದು, ಇನ್ನೊಂದು ಬಷೀರರದು.

"ತಸ್ಮಿಯಾ!"

ಮಗಳು ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದಳು. ಮುಖ ಅರಳಿತ್ತು. "ನೋಡಿದ್ರಾ ಅಬ್ಬಾ? ದೋಟಿ ನಮ್ಮೋನು!"

"ಯಾರನ್ನ ಕೇಳಿ ಮಾಡ್ದೆ ಇದನ್ನ?"

"ಕೇಳೋದೆಂತಕ್ಕೆ? ಯುಗಾದಿ ಶುಭಾಶಯ ಟೈಪ್ ಮಾಡ್ತಾ ಇದ್ದೆ, ಥಟ್ಟನೆ ನಿಯಮ ಹನ್ನೊಂದು ನೆನಪಾಯ್ತು. ತೆಗೆದು ನೋಡಿದ್ರೆ ಹೌದು! ನೀವೇ ಬರೆದಿದ್ದಲ್ವಾ?"

"ನಾನು ಬರೆದಿದ್ದು ಆಟ ಮುಗಿದ ಮೇಲೆ ಅನ್ನೋ ಅರ್ಥದಲ್ಲಿ."

ತಸ್ಮಿಯಾ ಟವೆಲು ಬಿಚ್ಚಿದಳು. "ಹಂಗಂತ ಅದ್ರಲ್ಲಿ ಇಲ್ಲ ಅಬ್ಬಾ. 'ಅರ್ಥ ಬಾಯಲ್ಲಿರೋದು ಬೇಡ, ಕಾಗದದಲ್ಲಿರ್ಲಿ' ಅಂತ ಎಲ್ರಿಗೂ ಹೇಳೋರು ನೀವೇ."

ಮಗಳು ಹೇಳಿದ್ದು ನಿಜ, ಅದೇ ಭಯಂಕರವಾಗಿತ್ತು. ಒಳಗಿನಿಂದ ಹೆಂಡತಿ ಅಖ್ತರ್ ಬಾನು, "ಗೋವಿಂದಣ್ಣನ ಮನೆ ಹೋಳಿಗೆ ಈ ವರ್ಷ ಬರ್ಲಿಕ್ಕಿಲ್ಲ ಹಾಗಾದ್ರೆ" ಎಂದರು. ತಮಾಷೆಗೆ ಅಂದದ್ದೋ ಬೇಸರಕ್ಕೋ ತಿಳಿಯಲಿಲ್ಲ.

ಫೋನು ಮತ್ತೆ ಮಿಡಿಯಿತು. ಹರೀಶ. "ಬಷೀರಣ್ಣನ ದೊಡ್ಡ ಆಟಗಾರರಿಗೆಲ್ಲ ಮೂರು ಯುಗಾದಿ. ಗೋವಿಂದಣ್ಣನ ದೋಟಿಗೆ ಎರಡೇ. ಹರಾಜಿನ ದಿನ 'ಎರಡು ಸಾಕು ಬಿಡು' ಅಂತ ಗೋವಿಂದಣ್ಣನಿಗೆ ಹೇಳಿದ್ದು ಯಾರು? ನಂಗೆ ಚೆನ್ನಾಗಿ ನೆನಪಿದೆ."

ಬಷೀರರಿಗೂ ನೆನಪಿತ್ತು. ಗೋವಿಂದನ ಮುಂದೆ ಇನ್ನು ಹದಿಮೂರೇ ಅಡಿಕೆ ಉಳಿದಿದ್ದವು, ಮತ್ತೂ ಇಬ್ಬರನ್ನು ಹಿಡಿಯುವುದಿತ್ತು. ಪಾಪ ಅನ್ನಿಸಿ ಹೇಳಿದ್ದರು. ಆ ಕರುಣೆಯೇ ಈಗ ಪುರಾವೆಯಾಗಿ ಎದುರು ನಿಂತಿತ್ತು. ನಲವತ್ತೇಳು, ಈಗ ಐವತ್ತೆರಡು ಮೆಸೇಜುಗಳಲ್ಲಿ ಗೋವಿಂದನದೊಂದೂ ಇರಲಿಲ್ಲ. ಉಳಿದವರ ಬೈಗುಳಕ್ಕಿಂತ ಆ ಸುಮ್ಮನಿರುವಿಕೆ ಅವರನ್ನು ಹೆಚ್ಚು ಕಲಕಿತು.

"ದೋಟಿ ಮುಂದಿನ ಆಟ ಯಾವಾಗ?"

"ನಾಳೆ ಬೆಳಿಗ್ಗೆ ಐದೂವರೆಗೆ."

ಬಷೀರರು ಬೀರು ತೆರೆದು ಪತ್ರ ಬರೆಯುವ ದಪ್ಪ ಹಸಿರು ಕಾಗದವೊಂದನ್ನು ತೆಗೆದರು. ನಿಯಮ ಹನ್ನೆರಡನ್ನೂ ಅವರೇ ಬರೆದಿದ್ದರು: ಆರೂ ತಂಡದವರು ಒಂದೇ ಕಾಗದದ ಮೇಲೆ ಮಸಿಯಲ್ಲಿ ಸಹಿ ಹಾಕದೆ ಯಾವ ತಿದ್ದುಪಡಿಯೂ ನಡೆಯತಕ್ಕದ್ದಲ್ಲ. ಫೋಟೋ ನಡೆಯದು, ಮೆಸೇಜು ನಡೆಯದು.

ಅರ್ಧ ಗಂಟೆಯಲ್ಲಿ ತಿದ್ದುಪಡಿ ಪತ್ರ ಸಿದ್ಧವಾಯಿತು. 'ಯುಗಾದಿ' ಎಂದಿದ್ದಲ್ಲೆಲ್ಲ 'ಏಪ್ರಿಲ್ ತಿಂಗಳ 30ನೇ, ಮೂವತ್ತನೇ, ತಾರೀಖು' ಎಂದು ಓದಿಕೊಳ್ಳತಕ್ಕದ್ದು, ಇದು ಮೊದಲಿನಿಂದಲೇ ಹೀಗಿತ್ತೆಂದು ತಿಳಿಯತಕ್ಕದ್ದು, ಈ ದಿನ ಬೆಳಿಗ್ಗೆ ದೋಟಿಯ ಹೆಸರು ಹೇಳಿದ್ದು ಊರ್ಜಿತವಲ್ಲ. ಇಷ್ಟು ಸಲೀಸಾಗಿ ಬಂತು. ಆದರೆ ತಪ್ಪಿಗೆ ಕಾರಣ ಬರೆಯುವ ಜಾಗಕ್ಕೆ ಬಂದಾಗ ಕೈ ನಿಂತಿತು. ಎಷ್ಟೋ ಜನರ ಪರವಾಗಿ ಬರೆದ ಪದಗಳು. ತಮ್ಮ ಹೆಸರಿನ ಪಕ್ಕ ಅವು ಕೂರುವುದನ್ನು ಒಮ್ಮೆಯೂ ಊಹಿಸಿರಲಿಲ್ಲ. ಬರಹಗಾರನ ಕಣ್ತಪ್ಪಿನಿಂದ. ಬರೆದರು. ಅಕ್ಷರ ಎಂದಿನಂತೆ ದುಂಡಗಾಗಿಯೇ ಬಂದದ್ದು ನೋಡಿ ಅವರಿಗೇ ಸೋಜಿಗವಾಯಿತು.

ಯುಗಾದಿಯ ರಜೆ. ತಸ್ಮಿಯಾ ಸ್ಕೂಟರ್ ತೆಗೆದಳು. ಬಷೀರರು ಪತ್ರದ ಚೀಲವನ್ನು ಎದೆಗವಚಿಕೊಂಡು ಹಿಂದೆ ಕೂತರು.

ಶೆಟ್ಟಿಕೊಪ್ಪದಲ್ಲಿ ಸುಬ್ಬಯ್ಯ ಹೊಸ ಪಂಚೆ ಉಟ್ಟು ಜಗುಲಿಯ ಮೇಲಿದ್ದ. "ಬಾರಾ ಚಾಣಕ್ಯ!" ಎಂದು ಅಲ್ಲಿಂದಲೇ ಕೂಗಿದ. ಬೇವು ಬೆಲ್ಲದ ತಟ್ಟೆ ತರಿಸಿದವನು, ರೋಜಾ ಎಂದು ನೆನಪಾಗಿ ತಾನೇ ಹಿಂದಕ್ಕೆ ಸರಿಸಿದ. "ಓ, ನಿಂಗೆ ಇಲ್ಲ ಅಲ್ದಾ. ಇರ್ಲಿ, ಬೇವು ಬೆಳಿಗ್ಗೆಯೇ ತಿಂದಂಗೆ ಕಾಣ್ತದೆ ಮುಖ."

ಕಾಗದವನ್ನು ಕೈಯಳತೆಯ ದೂರದಲ್ಲಿ ಹಿಡಿದು ಓದಿದ. ಒಂದು ಸಾಲಿನಲ್ಲಿ ನಿಂತ. ಮತ್ತೆ ಓದಿದ. ಅವನ ನಗು ಹೋಯಿತು.

"ಕಣ್ತಪ್ಪು? ನಿಂದಾ?"

"ನಂದೇ."

"ಬಷೀರ, ಬೇಜಾರು ಮಾಡ್ಕಬೇಡ. ನೀನು ಬೇಕಂತ ಮಾಡಿದ್ದು ಅಂದ್ರೆ ನಂಬಬಹುದು ಮಾರಾಯ. ಅದ್ರಲ್ಲಿ ಒಂದು ಮಜಾನೂ ಇದೆ. ಆದ್ರೆ ನೀನು ಬರಿಬೇಕಾದ್ರೆ ತಪ್ಪಿದೆ ಅಂದ್ರೆ... ಅದನ್ನ ಹೆಂಗೆ ನಂಬದು?"

ಬಷೀರರು ಅವನ ಮುಖವನ್ನೇ ನೋಡಿದರು. ಗೇಲಿಯಿರಲಿಲ್ಲ. ಸುಬ್ಬಯ್ಯನಿಗೆ ನಿಜಕ್ಕೂ ದಿಗಿಲಾಗಿತ್ತು. ಮೂವತ್ತಾರು ವರ್ಷ ತಪ್ಪದೆ ಬರೆದು ಗಳಿಸಿದ ಹೆಸರೇ ಈಗ ಅವರನ್ನು ಮೋಸಗಾರನನ್ನಾಗಿ ಮಾಡುತ್ತಿತ್ತು. ಬೇರೆ ಯಾವ ಬರಹಗಾರನಾಗಿದ್ದರೂ ಜನ ನಕ್ಕು, ಮರೆತಿದ್ದಾನೆ ಪಾಪ ಅನ್ನುತ್ತಿದ್ದರು. ಬಷೀರ್ ಸಾಹೇಬರಿಗೆ ಮರೆಯುವ ಸೌಲಭ್ಯವಿರಲಿಲ್ಲ.

ಸುಬ್ಬಯ್ಯ ಸಹಿ ಹಾಕಿದ. ಹಾಕಿದ ಮೇಲೂ ಕಾಗದವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ.

ಕೊಪ್ಪದಲ್ಲಿ ಹರೀಶ ಅರ್ಧ ಬಾಗಿಲು ತೆರೆದು ಅಂಗಡಿಯಲ್ಲಿದ್ದ. ಅರ್ಪಣಾಳನ್ನೂ ಅಲ್ಲಿಗೇ ಕರೆಸಿದ್ದರು. ಅವಳು ಓದಿ, "ಅಯ್ಯೋ ಅಂಕಲ್, ಇಷ್ಟಕ್ಕೆ ಈ ಬಿಸಿಲಲ್ಲಿ, ಅದೂ ರೋಜಾದಲ್ಲಿ ಬಂದ್ರಾ?" ಎಂದು ಕೂಡಲೇ ಸಹಿ ಹಾಕಿದಳು. ಹರೀಶ ಹಾಕಲಿಲ್ಲ. ಗಲ್ಲ ಕೆರೆದುಕೊಂಡು ನಿಂತ. ಬೆಳಿಗ್ಗೆಯಿಂದ ಗುಂಪಿನಲ್ಲಿ ಹಾರಾಡಿದ್ದವನಿಗೆ ಎದುರು ನಿಂತ ಮನುಷ್ಯನನ್ನು ನೋಡಿ ಮುಜುಗರ.

"ತಪ್ಪು ತಿಳ್ಕೊಂಡೆ ಬಷೀರಣ್ಣ. ಆದ್ರೆ ಒಂದು ಕೇಳ್ಲಾ? ಹಾಗಾದ್ರೆ... ನನ್ನ ತಮ್ಮನ ಸೈಟಿನ ಪತ್ರನೂ ನೀವೇ ಬರೆದಿದ್ದಲ್ಲ..."

"ಹರೀಶಣ್ಣ!" ಅಂದಳು ತಸ್ಮಿಯಾ.

"ಸುಮ್ನೆ ಅಂದೆ ಮಾರಾಯ್ತಿ."

ಸುಮ್ಮನೆ ಅಂದದ್ದಲ್ಲ ಅದು, ಬಷೀರರಿಗೆ ಗೊತ್ತಾಯಿತು. ಮೋಸಗಾರನೆಂಬ ಹೆಸರು ಕೊಪ್ಪದಲ್ಲಿ ಕಳಚಿತು, ಆ ಜಾಗದಲ್ಲಿ ಇನ್ನೊಂದು ಕೂತಿತು. ಇನ್ನು ಮೇಲೆ ಮೂರು ತಾಲ್ಲೂಕಿನಲ್ಲಿ ಎಷ್ಟು ಮನೆಗಳಲ್ಲಿ, ಎಷ್ಟು ಪೆಟ್ಟಿಗೆಗಳಿಂದ, ತಾವು ಬರೆದ ಎಷ್ಟು ಪತ್ರಗಳು ಹೊರಬಂದು ಬೆಳಕಿಗೆ ಹಿಡಿಯಲ್ಪಡುತ್ತವೆಯೋ! "ನೋಡು ಹರೀಶ. ನೋಡಬೇಕಾದ್ದೇ. ಅನುಮಾನ ಬಂದ್ರೆ ತಗೊಂಡು ಬಾ, ನಿನ್ನೆದುರೇ ಓದ್ತೀನಿ" ಎಂದರು. ಹರೀಶ ತಲೆ ತಗ್ಗಿಸಿ ಸಹಿ ಹಾಕಿದ.

ಯೋಗೇಂದ್ರ ಅಡ್ಡಗದ್ದೆಯ ರಸ್ತೆಯಂಚಿಗೇ ಬಂದು ನಿಂತಿದ್ದ. ಸ್ಕೂಟರಿನ ಸೀಟಿನ ಮೇಲೆ ಕಾಗದ ಹರಡಿ, ಓದದೆಯೇ ಸಹಿ ಹಾಕಿದ. "ಓದಾ" ಎಂದು ಬಷೀರರು ಗದರಿದರು. "ನೀವು ಬರೆದಿದ್ದು ಓದೋದೆಂತ" ಅಂದುಬಿಟ್ಟು, ತಾನು ಅಂದದ್ದು ತನಗೇ ಹೊಳೆದು ನಾಲಿಗೆ ಕಚ್ಚಿಕೊಂಡ.

ಉಳಿದದ್ದು ಗೋವಿಂದ.

ಮೆಣಸೆ ತಲುಪಿದಾಗ ಸಂಜೆ ಐದು ದಾಟಿತ್ತು. ಗೋವಿಂದ ಅಂಗಳದಲ್ಲಿ, ಮೊಮ್ಮಗಳಿಗೆಂದು ಗೋಡೆಗೆ ಹೊಡೆದಿದ್ದ ಬುಟ್ಟಿಯ ಕೆಳಗೆ, ಚೆಂಡನ್ನು ಸುಮ್ಮನೆ ನೆಲಕ್ಕೆ ತಟ್ಟುತ್ತ ನಿಂತಿದ್ದ. ಬಷೀರರನ್ನು ಕಂಡು ಚೆಂಡು ನಿಲ್ಲಿಸಿದ.

"ಬಂದ್ಯಾ."

"ಬಂದೆ. ನೀನೊಂದು ಮಾತೂ ಆಡ್ಲಿಲ್ಲ ಬೆಳಿಗ್ಗೆಯಿಂದ."

"ಎಂತ ಆಡದು."

ಬಷೀರರು ಕಾಗದ ಚಾಚಿದರು. ಗೋವಿಂದ ಮೆಟ್ಟಿಲ ಮೇಲೆ ಕೂತು ಓದಿದ, ನಿಧಾನವಾಗಿ. ಓದಿ ಮುಗಿಸಿ ಮಡಿಸಿದ. ಆಮೇಲೆ ನೆಲ ನೋಡುತ್ತ ಹೇಳಿದ:

"ನಂಗೆ ಗೊತ್ತಿತ್ತು ಬಷೀರ."

"ಎಂತ ಗೊತ್ತಿತ್ತು?"

"ಈ ಯುಗಾದಿ. ಡಿಸೆಂಬರಲ್ಲಿ ಹೊಸ ಕ್ಯಾಲೆಂಡರ್ ಬಂತಲ್ಲ, ಹಾಳೆ ಮಗುಚ್ತಾ ಇದ್ದೆ. ಮಾರ್ಚ್ ಹತ್ತೊಂಬತ್ತು ಅಂತ ಕಂಡ್ತು. ಅರೆ, ಫೈನಲ್ ಮಧ್ಯಕ್ಕೇ ಬತ್ತದಲ್ಲ ಅಂತ ಅವತ್ತೇ ಹೊಳಿತು."

ಬೆಳಗಿನಿಂದ ಬಿದ್ದ ಪೆಟ್ಟುಗಳೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. "ಮೂರು ತಿಂಗಳು? ಮೂರು ತಿಂಗಳಿಂದ ನನ್ನ ಬರಹದಲ್ಲಿ ತಪ್ಪು ಅಂತ ಗೊತ್ತಿದ್ದೂ... ವಾರಕ್ಕೆರಡು ಸಲ ಮಾತಾಡ್ತಿದ್ಯಲ್ಲ ಗೋವಿಂದ ನನ್ಹತ್ರ!"

"ಹೇಳಣ ಅಂತ ಎರಡು ಸಲ ಬಾಯಿ ತೆಗ್ದೆ. ನಿಂಗೆ ತಪ್ಪಿದೆ ಅಂತ ಹೇಳ್ದೋರು ಇವತ್ತಿನವರೆಗೆ ಯಾರಿದಾರೆ ಹೇಳು. ನಂಗೆ ಆ ಮೊದ್ಲನೇಯೋನು ಆಗದು ಬೇಡ ಅನ್ನಿಸ್ತು."

ಒಳಗಿನಿಂದ ಗೋವಿಂದನ ಹೆಂಡತಿ ದೇವಕಿಯ ದನಿ ಬಂತು. "ಪೂರ್ತಿ ಹೇಳಕ್ಕೆ ಹೇಳಿ ಬಷೀರಣ್ಣ! ಅರ್ಧ ಮಾತ್ರ ಹೇಳ್ತಿದಾರೆ."

"ಏ, ಸುಮ್ನಿರೆ."

ದೇವಕಿ ಸೆರಗಿಗೆ ಕೈ ಒರೆಸುತ್ತ ಹೊರಗೇ ಬಂದಳು. "ಆರೂವರೆಗೆ ಅಲಾರಂ ಇಟ್ಕಂಡಿದ್ರು. ಸೂರ್ಯ ಹುಟ್ಟಿದ ಕೂಡ್ಲೆ ದೋಟಿ ಹೆಸರನ್ನೂ ಹೇಳೋದಂತೆ, ನಿಮ್ಮ ತಂಡದ ಅದ್ಯಾರೋ ಎರಡು ವರ್ಷದೋನ ಹೆಸರನ್ನೂ ಹೇಳೋದಂತೆ. ಹಬ್ಬದ ದಿನ ಎಣ್ಣೆ ಹಚ್ಕಳದೆ ಫೋನ್ ಹಿಡ್ಕಂಡು ಕೂತ್ರೆ ನಾನು ಬಿಡ್ತೀನಾ? ಎಣ್ಣೆ ಹಚ್ಚಿ ಬಚ್ಚಲಿಗೆ ದಬ್ಬಿದೆ. ಬರೋದ್ರೊಳಗೆ ತಸ್ಮಿಯಾ ಕೆಲಸ ಮುಗ್ಸಿದ್ಲು!"

ತಸ್ಮಿಯಾ ದುಪಟ್ಟಾ ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದಳು. ಗೋವಿಂದನ ಕಿವಿಯವರೆಗೆ ಕೆಂಪೇರಿತು.

"ಹೌದು ಮಾರಾಯ," ಅಂದ. "ಅರ್ಧ ಮರ್ಯಾದೆ, ಅರ್ಧ ಆಸೆ. ಯಾವ ಅರ್ಧ ದೊಡ್ಡದು ಅಂತ ನಂಗೇ ಗೊತ್ತಿಲ್ಲ. ಮತ್ತೆ, ಬಚ್ಚಲಿಂದ ಬಂದು ಮೆಸೇಜ್ ನೋಡ್ದಾಗ, ಬಷೀರ ಬೇಕಂತಲೇ ಬರ್ದಿದ್ದು ಅಂತ ಒಂದು ಗಳಿಗೆ ನಂಗೂ ಅನ್ನಿಸ್ತು. ಸುಳ್ಳು ಹೇಳಲ್ಲ."

ನಲವತ್ತೈದು ವರ್ಷದ ಸ್ನೇಹಿತ. ಒಂದೇ ಚೆಂಡಿನ ಹಿಂದೆ ಓಡಿ, ಒಂದೇ ಕೊಡದ ನೀರು ಕುಡಿದವನು. ಬಷೀರರು ಅವನ ಪಕ್ಕದ ಮೆಟ್ಟಿಲ ಮೇಲೆ ಕೂತರು. ದೇವಕಿ, ತಸ್ಮಿಯಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

"ಪೆನ್ನು ಕೊಡು," ಎಂದ ಗೋವಿಂದ ಕೊನೆಗೆ. "ಆದ್ರೆ ಈ ಮಾತು ತೆಗಿ."

"ಯಾವ್ದು?"

"ಬರಹಗಾರನ ಕಣ್ತಪ್ಪಿನಿಂದ. ಇದನ್ನ ಹೊಡ್ದು ಹಾಕಿ, 'ಎಲ್ಲರ ಒಪ್ಪಿಗೆಯ ಮೇರೆಗೆ' ಅಂತ ಬರಿ. ಈ ಕಾಗದದ ಫೋಟೋ ಗುಂಪಿಗೆ ಹೋಗ್ತದೆ, ಅಲ್ಲಿಂದ ಊರೂರಿಗೆ ಹೋಗ್ತದೆ. ನಾವು ಅಣ್ತಮ್ಮಂದಿರು ಪಾಲಾದಾಗ ಪತ್ರ ಬರ್ದಿದ್ದು ನೀನು. ಅವತ್ತಿಂದ ನನ್ನ ತಮ್ಮ ಬೇಲಿ ಹತ್ರ ಬಂದು ನಿಂತಾಗೆಲ್ಲ ನಾನು ಹೇಳದು ಒಂದೇ ಮಾತು: ಬಷೀರ ಬರ್ದಿದ್ದು. ಅಷ್ಟಕ್ಕೇ ಸುಮ್ನಾಗ್ತಾನೆ. ನೀನೇ ನಿನ್ನ ಕೈಯಾರೆ ಹೀಂಗೆ ಬರ್ದುಕೊಟ್ರೆ ಹೆಂಗೆ? ನಿನ್ನ ಹೆಸರು ನಿಂದೊಬ್ಬಂದೇ ಅಲ್ಲ ಮಾರಾಯ."

ಅದು ಬಷೀರರಿಗೆ ಹೊಳೆದೇ ಇರಲಿಲ್ಲ. ಅವರು ಕಾಗದ ಬಿಡಿಸಿ ನೋಡಿದರು. ಐದು ಸಹಿಗಳು, ಅವುಗಳಲ್ಲಿ ಒಂದು ತಮ್ಮದೇ. ಎರಡು ಪದ ಹೊಡೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರೆ ಆಯಿತು. ಐವರಲ್ಲಿ ಯಾರೂ ಬೇಡವೆನ್ನರು. ಸುಬ್ಬಯ್ಯನಂತೂ ನಿರಾಳವಾಗಿ ಉಸಿರುಬಿಟ್ಟಾನು. ಹರೀಶನ ತಮ್ಮನ ಪತ್ರ ಪೆಟ್ಟಿಗೆಯಲ್ಲೇ ಉಳಿದೀತು. ಪೆನ್ನಿನ ಮುಚ್ಚಳ ತೆಗೆದರು. ತುದಿ ಆ ಪದಗಳ ಮೇಲೆ ಬಂದು ನಿಂತಿತು.

"ಇಲ್ಲ ಗೋವಿಂದ," ಎಂದರು. "ಒಪ್ಪಿಗೆ ಅಂತ ಬರೆದ್ರೆ ನಾನು ಗೆದ್ದ ದೋಟಿನ ದೊಡ್ಡ ಮನಸ್ಸು ಮಾಡಿ ಬಿಟ್ಕೊಟ್ಟೆ ಅಂತಾಗ್ತದೆ. ಅದು ಸುಳ್ಳು. ನಂಗೆ ಈ ವರ್ಷ ಯುಗಾದಿ ಯಾವತ್ತು ಬರ್ತದೆ ಅಂತ ಬರಿಬೇಕಾದ್ರೆ ಗೊತ್ತಿರ್ಲಿಲ್ಲ. ಕೇಳ್ಬೇಕಿತ್ತು. ಕೇಳ್ಲಿಲ್ಲ. ಅಷ್ಟೇ ನಿಜ."

"ಮತ್ತೆ ನನ್ನ ಪಾಲುಪಟ್ಟಿ?"

"ಅದ್ರಲ್ಲಿ ತಪ್ಪಿಲ್ಲ. ಚೆಕ್ಕುಬಂದಿ ಹಿಂದಿನಿಂದ ಓದಿದ್ದೆ. ಬೇಕಾದ್ರೆ ನಿನ್ನ ತಮ್ಮನ್ನೂ ಕೂರಿಸ್ಕೊಂಡು ಇನ್ನೊಂದು ಸಲ ಓದ್ತೀನಿ. ಬೇಲಿ ಹತ್ರವೇ ನಿಂತು ಓದ್ತೀನಿ."

ಗೋವಿಂದ ಅವರ ಮುಖ ನೋಡಿದ. ಆಮೇಲೆ ಪೆನ್ನು ಇಸಕೊಂಡು ತೊಡೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದ. "ಹಟಮಾರಿ ಸಾಬ," ಎಂದು ಗೊಣಗಿದ. "ನಾಳೆ ಬೆಳಿಗ್ಗೆ ದೋಟಿ ಮೂವತ್ತು ಹಾಕ್ತಾನೆ ನೋಡ್ತಿರು."

ಬಷೀರರು ಜಗುಲಿಯ ಮೇಲೆ ನಿಂತು ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದರು. ತಸ್ಮಿಯಾ ಫೋಟೋ ತೆಗೆದು ಗುಂಪಿಗೆ ಹಾಕಿದಳು. ಹೊತ್ತು ಮುಳುಗಿದಾಗ ದೇವಕಿ ಒಂದು ಲೋಟ ನೀರು, ನಾಲ್ಕು ಖರ್ಜೂರ, ಬಾಳೆಲೆಯ ತುಂಡಿನಲ್ಲಿ ತುಪ್ಪ ಹಾಕಿದ ಎರಡು ಹೋಳಿಗೆ ತಂದಿಟ್ಟಳು. ಖರ್ಜೂರವನ್ನು ವಾರದ ಹಿಂದೆಯೇ ಶೃಂಗೇರಿ ಪೇಟೆಯಿಂದ ತರಿಸಿಟ್ಟಿದ್ದಳಂತೆ. ಈ ವರ್ಷ ಹಬ್ಬ ನಿಮ್ಮ ರೋಜಾದೊಳಗೇ ಬಂತಲ್ಲ ಬಷೀರಣ್ಣ, ಹೋಳಿಗೆಗೆ ಹೇಗೂ ಬರ್ತೀರಿ ಅಂತ ಗೊತ್ತಿತ್ತು, ಎಂದಳು. ಈ ಮನೆಯಲ್ಲಿ ಎಲ್ಲರಿಗೂ ಯುಗಾದಿ ಯಾವತ್ತು ಬರುತ್ತದೆಂದು ತಿಳಿದಿತ್ತು. ಬಷೀರರಿಗೆ ನಗು ಬಂತು. ನಗುವಾಗ ಕಣ್ಣಲ್ಲಿ ನೀರೂ ಬಂತು.

ದೋಟಿ ಮೂವತ್ತು ಹಾಕಲಿಲ್ಲ, ಇಪ್ಪತ್ತೆರಡು ಹಾಕಿದ. ಏಪ್ರಿಲ್ ಐದರ ಹೊತ್ತಿಗೆ ಗೋವಿಂದ ಹನ್ನೊಂದು ಅಂಕದಿಂದ ಗೆದ್ದ.

ಅದಾದ ವಾರ ಸುಬ್ಬಯ್ಯ ತನ್ನ ಅಂಗಡಿ ಮಳಿಗೆಯ ಬಾಡಿಗೆ ಕರಾರು ಬರೆಸಲು ನರಸಿಂಹರಾಜಪುರಕ್ಕೆ ಬಂದ. ಬಷೀರರು ಬರೆದು, ಮೂರು ಸಲ ಓದಿ, ಕಾಗದವನ್ನು ಅವನ ಮುಂದೆ ಸರಿಸಿದರು. ಸುಬ್ಬಯ್ಯ ಸಹಿ ಹಾಕಲು ಬಗ್ಗಿದವನು ತಲೆಯೆತ್ತಿ, ಸಾಲಿನಲ್ಲಿ ಕೂತ ಬೇರೆ ಬರಹಗಾರರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಕೇಳಿದ:

"ಸಾಬ್ರೆ, ಇದ್ರಲ್ಲಿ ಎಲ್ಲೂ ಯುಗಾದಿ ಇಲ್ಲ ತಾನೆ?"

ಇಡೀ ಸಾಲು ಹೋ ಎಂದು ನಕ್ಕಿತು. ಮೂವತ್ತಾರು ವರ್ಷದಲ್ಲಿ ಆ ಸಾಲಿನಲ್ಲಿ ಯಾರೂ ಬಷೀರರನ್ನು ನೋಡಿ ನಕ್ಕಿರಲಿಲ್ಲ. ಅವರ ಕಿವಿ ಬಿಸಿಯಾಯಿತು. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಇರು ಮಾರಾಯ," ಎಂದರು. "ಇನ್ನೊಂದು ಸಲ ಓದ್ತೀನಿ."

ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು, ನಾಲ್ಕನೆಯ ಸಲ, ಮೊದಲಿನಿಂದ ಓದತೊಡಗಿದರು.